ಯಾವ ಲಿನಕ್ಸ್ ನಮಗೆ ಸರಿ?

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ್ದು ಲಿನಕ್ಸಿನ ತಿರುಳಾದ ಕರ್ನೆಲ್ ಮಾತ್ರ. ಅದಕ್ಕೆ ಗ್ನೂ ಸಲಕರಣೆ, ಡೆಸ್ಕ್‌ಟಾಪ್, ಫಾಂಟು, ಅಪ್‌ಡೇಟಿನ ಏರ್ಪಾಡು ಎಲ್ಲವನ್ನೂ ಕೂಡಿಸಿ ಬಳಸುವಂತೆ ಮಾಡಿದವು ಡಿಸ್ಟ್ರೋಗಳು. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಬಂದವು. ಡೆಬಿಯನ್ ಆಧರಿಸಿ 2004ರಲ್ಲಿ ಉಬುಂಟು, ಉಬುಂಟು ಆಧರಿಸಿ 2006ರಲ್ಲಿ ಮಿಂಟ್. ಇಂದು ಇವು ನೂರಾರು. ಹೊಸಬರು ಪರದೆಯ ಅಂದ ನೋಡಿ ಹೋಲಿಸುತ್ತಾರೆ. ಆದರೆ ಈ ಮೂರು ದಶಕಗಳಲ್ಲಿ ಬಳಕೆದಾರರನ್ನು ಕಾಪಾಡಿದ್ದು ಅಂದವಲ್ಲ. ಡಿಸ್ಟ್ರೋದ ಬೆನ್ನಿಗೆ ಯಾರಿದ್ದಾರೆ, ಎಷ್ಟು ವರ್ಷ ಇರುತ್ತಾರೆ ಎಂಬುದು. ಸೆಂಟ್ ಓಎಸ್ 8 ಎಂಬ ಡಿಸ್ಟ್ರೋಗೆ 2029ರವರೆಗೆ ಬೆಂಬಲವಿರುತ್ತದೆಂದು ನಂಬಿ ಸರ್ವರ್ ಕಟ್ಟಿದವರಿಗೆ, ಅದು 2021ರ ಕೊನೆಗೇ ಮುಗಿಯುತ್ತದೆಂಬ ಸುದ್ದಿ 2020ರ ಡಿಸೆಂಬರಿನಲ್ಲಿ ಬಂತು. ಒಂದೇ ಕಂಪನಿಯ ತೀರ್ಮಾನಕ್ಕೆ ಕಟ್ಟುಬಿದ್ದದ್ದರ ಫಲ ಅದು. ಫೆಡೋರಾ ಅಚ್ಚುಕಟ್ಟಾಗಿದೆ, ಆದರೆ ಒಂದೊಂದು ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು. ಡೆಬಿಯನ್ ಮತ್ತು ಉಬುಂಟುವಿನ ದೀರ್ಘಾವಧಿ ಬೆಂಬಲದ (ಎಲ್‌ಟಿಎಸ್) ಆವೃತ್ತಿಗಳು ಐದು ವರ್ಷ ನಡೆಯುತ್ತವೆ.

ಕನ್ನಡಿಗರಿಗೆ ಇನ್ನೊಂದು ಪ್ರಶ್ನೆಯೂ ಇತ್ತು: ಇದರಲ್ಲಿ ಕನ್ನಡ ಬರುತ್ತದೆಯೇ? 2000ರ ದಶಕದ ಆರಂಭದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ. ರೆಡ್ ಹ್ಯಾಟ್ ಮುಕ್ತವಾಗಿಸಿದ ಲೋಹಿತ್ ಫಾಂಟು, ಆಮೇಲೆ ಬಂದ ಗುಬ್ಬಿ, ನವಿಲು ಫಾಂಟುಗಳು, ಗ್ನೋಮ್ ಮತ್ತು ಕೆಡಿಇ ಡೆಸ್ಕ್‌ಟಾಪ್‌ಗಳ ಮೆನುಗಳನ್ನು ಕನ್ನಡಿಸಿದ ಸ್ವಯಂಸೇವಕರ ದುಡಿಮೆ, ಇವೆಲ್ಲ ಸೇರಿ ಆ ಕೊರತೆ ತುಂಬಿತು. ಅನುವಾದ ಇನ್ನೂ ಪೂರ್ತಿಯಾಗಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಟೈಪಿಂಗ್ ಮಾತ್ರ ಈಗ ಸಲೀಸು. ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಕನ್ನಡದ ‘ಕಗಪ’ ವಿನ್ಯಾಸ ಆರಿಸಿಕೊಂಡು ಎ, ಜಿ, ಡಬ್ಲ್ಯೂ, ಐ ಕೀಲಿಗಳನ್ನು ಒತ್ತಿದರೆ ‘ಅಗಡಿ’ ಮೂಡುತ್ತದೆ, ಒತ್ತಕ್ಷರಕ್ಕೆ ಎಫ್. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೊಸದಾಗಿ ಹೆಚ್ಚೇನೂ ಕಲಿಯಬೇಕಿಲ್ಲ. ಈ ಸೌಲಭ್ಯ ಎಲ್ಲ ದೊಡ್ಡ ಡಿಸ್ಟ್ರೋಗಳಲ್ಲೂ ಒಂದೇ ರೀತಿ ಇರುವುದರಿಂದ, ಕನ್ನಡದ ಕಾರಣಕ್ಕೆ ಇಂಥದ್ದೇ ಬೇಕು ಎನ್ನುವಂತಿಲ್ಲ.

ಹಾಗಿದ್ದರೆ ಸರ್ಕಾರವೇ ಒಂದು ದೇಶೀ ಡಿಸ್ಟ್ರೋ ಕೊಟ್ಟರೆ ಗೊಂದಲ ತೀರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆ ಪ್ರಯತ್ನ ಆಗಿದೆ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ 2007ರಲ್ಲಿ ಡೆಬಿಯನ್ ಆಧರಿಸಿ ಬಾಸ್ ಲಿನಕ್ಸ್ ತಂದಿತು, ಕನ್ನಡವೂ ಅದರಲ್ಲಿತ್ತು. ಮನೆಮನೆಗೆ ಅದು ಮುಟ್ಟಲಿಲ್ಲ. ಅದೇ ಡೆಬಿಯನ್ ಮತ್ತು ಉಬುಂಟುಗಳನ್ನು ಕೇರಳದ ಐಟಿ@ಸ್ಕೂಲ್ ಯೋಜನೆ ಶಾಲೆಗಳಿಗೆ ಒಗ್ಗಿಸಿತು, ಶಿಕ್ಷಕರಿಗೆ ತರಬೇತಿ ಕೊಟ್ಟಿತು, ಪಠ್ಯಪುಸ್ತಕವನ್ನೂ ಬರೆಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೂಡ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಕರ್ನಾಟಕದಲ್ಲಿಯೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿತು. ಬಾಸ್‌ಗೂ ಕೇರಳದ ಯೋಜನೆಗೂ ಬುನಾದಿ ಒಂದೇ. ಬಾಸ್‌ಗೆ ಇಲ್ಲದ್ದು, ಕೇರಳಕ್ಕೆ ಇದ್ದದ್ದು, ಕಲಿಸುವ ಜನ.

ಕಲಿಸುವ ಜನ ಸಿಕ್ಕರೂ ಕೆಲಸಕ್ಕೆ ಬೇಕಾದ ತಂತ್ರಾಂಶ ಲಿನಕ್ಸಿನಲ್ಲಿ ಇದೆಯೇ ಎಂಬುದನ್ನು ಹಾವೇರಿ ಸೀಮೆಗೆ ಹಚ್ಚಿ ನೋಡೋಣ. ಕಾದಂಬರಿಕಾರ ಗಳಗನಾಥರ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಡುತ್ತಿದ್ದ ಅಗಡಿಗೆ ಕನ್ನಡದ ಅಚ್ಚು ಹೊಸದಲ್ಲ. ಆದರೆ ಇವತ್ತಿನ ಡಿಟಿಪಿ ಅಂಗಡಿಗಳ ಕಡತಗಳು ಬಹುಪಾಲು ಯುನಿಕೋಡ್ ಅಲ್ಲದ ನುಡಿ ಫಾಂಟಿನವು, ಪೇಜ್‌ಮೇಕರ್ ಲಿನಕ್ಸಿಗೆ ಬಂದೇ ಇಲ್ಲ ಎಂಬ ಆಕ್ಷೇಪ ನಿಜ; ಅಲ್ಲಿ ವಿಂಡೋಸ್ ಇರಲಿ. ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಅಲ್ಲಿಯೂ ವಿಂಡೋಸ್ ಇರಲಿ. ಟ್ಯಾಲಿ ಲಿನಕ್ಸಿಗೆಂದು ಬರುವುದಿಲ್ಲ. ಡಿಟಿಪಿಯ ಹಳೆಯ ಕಡತಗಳನ್ನು ಯುನಿಕೋಡಿಗೆ ಮಾರ್ಪಡಿಸುವ ತಂತ್ರಾಂಶಗಳಿವೆ, ಆ ಕೆಲಸ ಹೇಗಿದ್ದರೂ ಮಾಡಲೇಬೇಕಾದದ್ದು. ಆದರೆ ಶಾಲೆ, ಗ್ರಂಥಾಲಯ, ವಿದ್ಯಾರ್ಥಿಯ ಮನೆ, ಇಲ್ಲೆಲ್ಲ ಆ ಅಡ್ಡಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಇಲ್ಲದ ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕುವುದು ನಮ್ಮಂಥ ಊರುಗಳಿಗೆ ತಕ್ಕ ಮಾತಲ್ಲ.

ನನ್ನ ತೀರ್ಪು ಇಷ್ಟು: ನಾಲ್ಕು ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರಿಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ನೋಡಿಕೊಳ್ಳುವವರಿರುವ ಶಾಲಾ ಲ್ಯಾಬಿಗೆ ಡೆಬಿಯನ್. ಊರಿನಲ್ಲಿ ಉಬುಂಟು ಬಲ್ಲವರು ಯಾರಾದರೂ ಇದ್ದರೆ ಎರಡನ್ನೂ ಬಿಟ್ಟು ಅದನ್ನೇ ಹಾಕಿಕೊಳ್ಳಿ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ವೈಫೈ, ಪ್ರಿಂಟರ್, ಕನ್ನಡ ಮೂರೂ ನಡೆದರೆ ಸಾಕು. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ.