ಗ್ರಂಥ ಹೋಯಿತು, ಸಂತೆ ಉಳಿಯಿತು

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ ಚಿಚಿಕಾಸ್ತೆನಾಂಗೊ ಎಂಬ ಊರಿದೆ. ಗುರುವಾರ ಮತ್ತು ಭಾನುವಾರ ಅಲ್ಲಿ ಸಂತೆ. ಹಿಂದಿನ ಸಂಜೆಯೇ ಸುತ್ತಲಿನ ಹಳ್ಳಿಗಳ ಮಾಯಾ ಜನ ಹೊರೆ ಹೊತ್ತು ಬಂದು, ಗಳ ನೆಟ್ಟು ಅಂಗಡಿ ಕಟ್ಟತೊಡಗುತ್ತಾರೆ.

ದೂರದ ಪ್ರವಾಸಿಗರ ಕಣ್ಣು ಮೊದಲು ಹೋಗುವುದು ಬಣ್ಣದ ಬಟ್ಟೆಗಳ ಕಡೆಗೆ. ಆದರೆ ಸಂತೆಯ ಜೀವಾಳ ಮುಸುಕಿನ ಜೋಳ. ಅದರ ಜೊತೆಗೆ ಸುಣ್ಣವೂ ಮಾರಾಟವಾಗುತ್ತದೆ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿದರೆ ಸಿಪ್ಪೆ ಬಿಡುತ್ತದೆ, ರೊಟ್ಟಿ ತಟ್ಟಲು ಹಿಟ್ಟು ಹದವಾಗುತ್ತದೆ. ಕಾಳಿನಲ್ಲಿ ಅಡಗಿರುವ ನಿಯಾಸಿನ್ ಎಂಬ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ವಿಜ್ಞಾನ ಇದರ ಕಾರಣ ಕಂಡುಕೊಳ್ಳುವ ಎಷ್ಟೋ ಶತಮಾನಗಳ ಮೊದಲೇ ಇಲ್ಲಿನ ಹೆಂಗಸರು ಈ ಪದ್ಧತಿ ಬಲ್ಲವರಾಗಿದ್ದರು.

ಸಂತೆಯ ಪಕ್ಕದಲ್ಲೇ 16ನೆಯ ಶತಮಾನದ ಸಂತ ತೋಮಸರ ಚರ್ಚು. ಅದರ ಮೆಟ್ಟಿಲ ಮೇಲೆ ಹೂ ಮಾರುವವರು ಕುಳಿತಿರುತ್ತಾರೆ. ಮಾಯಾ ಪೂಜಾರಿಗಳು ಹಾಕುವ ಧೂಪದ ಹೊಗೆ ಮೇಲೇರುತ್ತಿರುತ್ತದೆ. 1701ರ ಸುಮಾರಿಗೆ ಈ ಊರಿನ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್ ಅವರಿಗೆ ಕಿಚೆ ಭಾಷೆಯ ಹಸ್ತಪ್ರತಿಯೊಂದು ದೊರೆಯಿತು. ಅದೇ ‘ಪೊಪೋಲ್ ವುಹ್’. ದೇವತೆಗಳು ಮನುಷ್ಯನನ್ನು ಜೋಳದ ಹಿಟ್ಟಿನಿಂದ ಮಾಡಿದರೆಂಬ ಕಥೆ ಅದರಲ್ಲಿದೆ. ಹಿಮೆನೆಸ್ ಅದನ್ನು ನಕಲು ಮಾಡಿ, ಸ್ಪ್ಯಾನಿಷ್ ಅನುವಾದವನ್ನೂ ಬರೆದರು. ಮೂಲ ಪ್ರತಿ ಕಳೆದುಹೋಯಿತು. ನಕಲು 19ನೆಯ ಶತಮಾನದಲ್ಲಿ ಯೂರೋಪಿಗೆ ಹೋಗಿ, ಈಗ ಅಮೆರಿಕದ ಷಿಕಾಗೋ ನಗರದ ನ್ಯೂಬೆರಿ ಗ್ರಂಥಾಲಯದಲ್ಲಿದೆ.

ಗ್ರಂಥ ಊರು ಬಿಟ್ಟರೂ ನೇಯ್ಗೆ ಬಿಡಲಿಲ್ಲ. ಮಗ್ಗದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಸೊಂಟಕ್ಕೂ ಕಟ್ಟಿಕೊಂಡು ಹೆಂಗಸರು ನೇಯುವ ‘ವಿಪಿಲ್’ ಎಂಬ ರವಿಕೆಯ ಚಿತ್ತಾರ ಊರಿಂದೂರಿಗೆ ಬೇರೆ. ಉಟ್ಟ ಬಟ್ಟೆ ನೋಡಿಯೇ ಯಾವ ಊರಿನವಳೆಂದು ಹೇಳಬಹುದಿತ್ತು. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಆ ಗುರುತೇ ಪ್ರಾಣಕ್ಕೆ ಎರವಾಯಿತು. 2,00,000ಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಣ್ಮರೆಯಾದರು ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಅಂದಾಜು ಮಾಡಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಈ ಊರಿರುವ ಕಿಚೆ ಪ್ರಾಂತ್ಯವೇ ಹೆಚ್ಚು ನಲುಗಿತು. ಊರು ತೊರೆದು ಓಡಿದ ಎಷ್ಟೋ ಹೆಂಗಸರು ಗುರುತು ಸಿಗಬಾರದೆಂದು ತಮ್ಮ ಉಡುಪನ್ನೇ ಬಿಟ್ಟರು.

ಇಂದು ಅದೇ ವಿಪಿಲ್‌ಗೆ ಪ್ರವಾಸಿಗರು ಚೌಕಾಸಿ ಮಾಡುತ್ತಾರೆ. ಮಾರುವಾಕೆಯ ಮೈಮೇಲೂ ಅದೇ ಇರುತ್ತದೆ. ವ್ಯಾಪಾರ ಮುಗಿದ ಮೇಲೆ ಆಕೆ ಮನೆಗೆ ಬೇಕಾದ ಜೋಳ, ಸುಣ್ಣ ಕೊಂಡು ಹಳ್ಳಿಯ ದಾರಿ ಹಿಡಿಯುತ್ತಾಳೆ.