‘ಮಂಥನ’ ಚಿತ್ರದಲ್ಲಿ ಹಳ್ಳಿಯ ಜನ

ಚಲನಚಿತ್ರವನ್ನು ಇತಿಹಾಸದ ಆಕರವೆಂದು ಎಣಿಸಬಹುದೆ ಎಂಬ ಪ್ರಶ್ನೆ ಬಂದಾಗ ಕಥೆಯನ್ನೂ ಪ್ರಧಾನ ನಟರನ್ನೂ ಕುರಿತು ಮಾತ್ರ ವಿಚಾರಮಾಡುವುದು ವಾಡಿಕೆ. ನಟರ ಹಿಂದೆ ನಿಂತ ಊರಿನವರನ್ನು ಗಮನಿಸುವವರು ವಿರಳ. ಅವರ ಸ್ಥಾನವೇನೆಂಬುದನ್ನು 1976ರ ‘ಮಂಥನ’ವೆಂಬ ಹಿಂದಿ ಚಿತ್ರದ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

‘ಶೋಲೆ’ (1975) ಚಿತ್ರಕ್ಕಾಗಿ ರಾಮನಗರದ ಬಂಡೆಗಳ ನಡುವೆ ಹಳ್ಳಿಯೊಂದನ್ನೇ ಹೊಸದಾಗಿ ಕಟ್ಟಿದರು. ಶ್ಯಾಮ್ ಬೆನೆಗಲ್ಲರಾದರೋ ಗುಜರಾತಿನ ರಾಜಕೋಟೆಯ ಸಮೀಪದ ಸಾಂಗಣವಾ ಎಂಬ ಊರಿಗೇ ಹೋದರು. ಅಲ್ಲಿನ ಮನೆ, ಓಣಿ, ಎಮ್ಮೆಗಳೊಡನೆ ಅಲ್ಲಿನ ಜನರೂ ಚಿತ್ರದೊಳಗೆ ಬಂದರು. ಗಿರೀಶ ಕಾರ್ನಾಡ, ಸ್ಮಿತಾ ಪಾಟೀಲ, ನಾಸಿರುದ್ದೀನ್ ಶಾ ಮೊದಲಾದವರು ಅವರ ನಡುವೆ ಅಭಿನಯಿಸಿದರು. ಗುಡಿಸಿಲಿನಲ್ಲಿ ವಾಸಿಸಿ, ಬೆರಣಿ ತಟ್ಟುವುದನ್ನೂ ಎಮ್ಮೆ ಕರೆಯುವುದನ್ನೂ ಕಲಿತುದಾಗಿ ಶಾ ಅವರು ತಾವೇ ಹೇಳಿಕೊಂಡಿದ್ದಾರೆ. ಊರಿನ ಬದುಕೇ ಇಲ್ಲಿ ನಟನಿಗೆ ಪಾಠಶಾಲೆಯಾಯಿತು.

ಚಿತ್ರದ ಬಂಡವಾಳವೂ ಹಳ್ಳಿಗಳಿಂದಲೇ ಬಂದಿತು. ಗುಜರಾತಿನ ಹಾಲಿನ ಸಹಕಾರ ಸಂಘಗಳ 5 ಲಕ್ಷ ಸದಸ್ಯರು ತಲಾ 2 ರೂಪಾಯಿ ನೀಡಿದುದರಿಂದ 10 ಲಕ್ಷ ರೂಪಾಯಿ ಕೂಡಿತು. ಆದರೆ ಹಣ ಕೊಟ್ಟವರೂ ತೆರೆಯ ಮೇಲೆ ಕಂಡವರೂ ಒಬ್ಬರೇ ಎಂದು ಭಾವಿಸಲಾಗದು. ಮೊದಲನೆಯವರು ಹಲವು ಜಿಲ್ಲೆಗಳಲ್ಲಿ ಹರಡಿದ್ದವರು. ಎರಡನೆಯವರು ಒಂದು ಊರಿನವರು. ಈ ಭೇದವನ್ನು ಮರೆತು ‘ರೈತರೇ ತಮ್ಮನ್ನು ತಾವು ಚಿತ್ರಿಸಿಕೊಂಡರು’ ಎನ್ನುವುದು ಅತಿಶಯೋಕ್ತಿಯಾದೀತು. ಕಥೆ ಬರೆದವರೂ ನಿರ್ದೇಶಿಸಿದವರೂ ನಗರದವರೇ.

ಸಂಘವು ಯಾರದು ಎಂಬುದೇ ಈ ಕಥೆಯ ತಿರುಳು. ಪಟ್ಟಣದಿಂದ ಬಂದ ಡಾಕ್ಟರ್ ರಾವ್ ಕಡೆಗೆ ಊರು ಬಿಡುತ್ತಾನೆ. ಕಾರ್ಯವನ್ನು ಹೊರುವವನು ದಲಿತರ ಕೇರಿಯ ಭೋಲಾ. ಅದೇ ಪ್ರಶ್ನೆಯನ್ನು ಚಿತ್ರವನ್ನು ಕುರಿತೂ ಕೇಳಬೇಕೆಂಬುದು ನಮ್ಮ ಅಭಿಪ್ರಾಯ. 5 ಲಕ್ಷ ರೈತರು ನಿರ್ಮಾಪಕರೆಂದು ಸಮಷ್ಟಿಯಾಗಿ ಮನ್ನಣೆ ಪಡೆದರು. ಗುಂಪಿನಲ್ಲಿ ಕಾಣುವ ಒಂದೊಂದು ಮುಖದ ಹೆಸರೇನೆಂಬುದು ಮಾತ್ರ ಚಿತ್ರದಿಂದ ತಿಳಿಯದು.

2024ರಲ್ಲಿ ‘ಮಂಥನ’ದ ಜೀರ್ಣೋದ್ಧಾರಗೊಂಡ ಪ್ರತಿಯನ್ನು ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ಮಾಸಿದ್ದ ಬಣ್ಣ ಮರಳಿತು. ಹೆಸರು ಮರಳಬೇಕಾದರೆ ಬೇರೆಯೇ ಶ್ರಮ ಬೇಕು. ಅಂದು ಹುಡುಗರಾಗಿದ್ದವರು ಇಂದು ವೃದ್ಧರು. ಚಿತ್ರೀಕರಣ ನಡೆದ ನಮ್ಮ ನಾಡಿನ ಊರುಗಳಿಗೂ ಈ ಮಾತು ಸಲ್ಲುತ್ತದೆ. ಶಾಸನದ ಅಕ್ಷರ ಸವೆಯುವ ಮುನ್ನ ಪಡಿಯಚ್ಚು ತೆಗೆಯುವಂತೆ, ನೆನಪಿರುವವರು ಇರುವಾಗಲೇ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಮುಖಕ್ಕೆ ಹೆಸರನ್ನು ಕೂಡಿಸಿ ಬರೆದಿಡುವುದು ಅವಶ್ಯ.