ಸಾಲಕ್ಕೆ ಗೆರೆ ಎಳೆದ ಮೊದಲ ರಾಜ್ಯ ನಮ್ದೇ ಮಾರಾಯ್ರೆ!

ಬಜೆಟ್ ಕಥೆ, ಭಾಗ 4

1/6
ಒಂದು ಮನೆಯವರು ಅಡಿಕೆ ತೋಟಕ್ಕೆ ಬೋರ್‌ವೆಲ್ ತೆಗೆಸಲು ಸೊಸೈಟಿಯಲ್ಲಿ ಸಾಲ ಮಾಡ್ತಾರೆ. ಇನ್ನೊಂದು ಮನೆಯವರು ತಿಂಗಳ ಅಕ್ಕಿ, ಮೀನು, ಕರೆಂಟ್ ಬಿಲ್ಲಿಗೆ ಸಾಲ ಮಾಡ್ತಾರೆ. ಎರಡೂ ಸಾಲವೇ, ಆದ್ರೆ ಎರಡೂ ಒಂದೇ ಅಲ್ಲ ಅಲ್ವಾ? ನೀರು ಬಂದರೆ ಅಡಿಕೆಯೇ ಸಾಲ ತೀರಿಸ್ತದೆ. ತಿಂದು ಮುಗಿಸಿದ ಅಕ್ಕಿಯ ಸಾಲ ತೀರಿಸುವುದು ಯಾರು?
ಸರ್ಕಾರದ ದಿನನಿತ್ಯದ ಖರ್ಚು (ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ) ಅದರ ಆದಾಯವನ್ನು ಮೀರಿದರೆ ಅದಕ್ಕೆ ರಾಜಸ್ವ ಕೊರತೆ ಅಂತ ಹೆಸರು. ಈ ಪದ ನೆನಪಿಟ್ಟುಕೊಳ್ಳಿ, ಇವತ್ತಿನ ಕಥೆ ಇದರದ್ದೇ.

2/6
1990ರ ದಶಕದ ಕೊನೆಗೆ ಕರ್ನಾಟಕದ್ದು ಆ ಎರಡನೇ ಮನೆಯ ಸ್ಥಿತಿ. ಸಂಬಳ, ಪಿಂಚಣಿ ಏರಿತ್ತು. ಪಂಪ್‌ಸೆಟ್ ಕರೆಂಟಿನ ಸಬ್ಸಿಡಿ ಬೆಳೆದಿತ್ತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2001ರಲ್ಲಿ, ಆರ್ಥಿಕ ಸುಧಾರಣೆಗೆ ಅಂತ ವಿಶ್ವಬ್ಯಾಂಕಿನ ಸಾಲವೂ ಬಂತು. ಮೇಲಿಂದ ಬರಗಾಲ.
2002ರಲ್ಲಿ ರಾಜ್ಯ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು. ವಿತ್ತೀಯ ಹೊಣೆಗಾರಿಕೆ ಕಾಯ್ದೆ! ಕೇಂದ್ರ ಸರ್ಕಾರ ಇಂಥ ಕಾಯ್ದೆ ಮಾಡಿದ್ದು 2003ರಲ್ಲಿ. ಅಂದ್ರೆ ನಾವು ಅವರಿಗಿಂತ ಮೊದಲು, ರಾಜ್ಯಗಳಲ್ಲೂ ಮೊದಲು. ಗೆರೆಗಳು ಇವು: ರಾಜಸ್ವ ಕೊರತೆ 2006ರ ಮಾರ್ಚ್ ಒಳಗೆ ಸೊನ್ನೆ ಆಗ್ಬೇಕು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3 ದಾಟಬಾರದು. ಒಟ್ಟು ಸಾಲಕ್ಕೆ ಶೇ. 25ರ ಮಿತಿಯೂ ಉಂಟು.

3/6
ಆಶ್ಚರ್ಯ ಎಂತ ಅಂದ್ರೆ, ಗಡುವಿಗೂ ಮೊದಲೇ, 2004-05ರಲ್ಲೇ ಕೊರತೆ ಹೋಗಿ ಹೆಚ್ಚುವರಿ ಬಂತು. ಅದು ಕೊರೋನಾದವರೆಗೂ ಉಳಿಯಿತು. ಬೆಂಗಳೂರಿನ ಬೆಳವಣಿಗೆ, 2005ರ ವ್ಯಾಟ್ ಎಲ್ಲ ಸೇರಿ ತೆರಿಗೆ ಚೆನ್ನಾಗಿ ಬಂತು.
ಆದ್ರೆ ಲೆಕ್ಕ ಸರಿ ಮಾಡುವ ಇನ್ನೊಂದು ಸುಲಭ ದಾರಿ ಖಾಲಿ ಹುದ್ದೆ ತುಂಬದಿರುವುದು. ಇವತ್ತು ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆ ಖಾಲಿ. ಸರ್ಕಾರಿ ಕಾಲೇಜುಗಳಲ್ಲಿ ಪಾಠ ನಡೆಯುವುದು ಎಷ್ಟೋ ಕಡೆ ಅತಿಥಿ ಉಪನ್ಯಾಸಕರಿಂದ. ಪರೀಕ್ಷೆಗೆ ಓದಿ ಕಾಯ್ತಾ ಇರುವವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ.

4/6
ಆಮೇಲೆ ಆದಾಯಕ್ಕೆ ಮೂರು ಪೆಟ್ಟು.
2017: ಜಿಎಸ್‌ಟಿ. ತೆರಿಗೆ ದರ ನಿರ್ಧರಿಸುವ ಸ್ವಾತಂತ್ರ್ಯ ಬಹುಪಾಲು ಹೋಯಿತು. ಐದು ವರ್ಷ ಕೊಟ್ಟ ಪರಿಹಾರ 2022ರ ಜೂನ್‌ಗೆ ನಿಂತಿತು.
2020: ಕೊರೋನಾ. ಶೇ. 3ರ ಗೆರೆಯನ್ನು ಆ ವರ್ಷಕ್ಕೆ ಶೇ. 5ಕ್ಕೆ ಸರಿಸಬೇಕಾಯಿತು.
15ನೇ ಹಣಕಾಸು ಆಯೋಗ: ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ನಮ್ಮ ಪಾಲು ಶೇ. 4.713ರಿಂದ 3.647ಕ್ಕೆ ಇಳಿಯಿತು.

5/6
2023ರಲ್ಲಿ ಗ್ಯಾರಂಟಿಗಳು ಬಂದವು. ಬೀಡಿ ಕಟ್ಟುವ ಅಮ್ಮನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವುದು ಸಣ್ಣ ವಿಷಯ ಅಲ್ಲ. ಶಕ್ತಿ ಯೋಜನೆಯ ಕಥೆ ಬೇರೆ: ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಂದು ಕೈಯಲ್ಲಿ ಕೊಟ್ಟದ್ದರ ಸ್ವಲ್ಪ ಭಾಗ ಇನ್ನೊಂದು ಕೈಯಲ್ಲಿ ವಾಪಸ್ಸೂ ಹೋಯಿತು. 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ತೆರಿಗೆ ಏರಿತು. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ. 15 ಹೆಚ್ಚಾಯಿತು.
2025ರ ಮಾರ್ಚ್ 7ಕ್ಕೆ ಸಿದ್ದರಾಮಯ್ಯ ಮಂಡಿಸಿದ ಬಜೆಟ್ ನೋಡಿ. ಗಾತ್ರ 4,09,549 ಕೋಟಿ. ಹೊಸ ಸಾಲ 1,16,000 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಅಂದ್ರೆ ತರುವ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸುಮಾರು 17 ಅಕ್ಕಿ-ಮೀನಿನ ಸಾಲ! ವಿತ್ತೀಯ ಕೊರತೆ ಶೇ. 2.95, ಒಟ್ಟು ಸಾಲ ಶೇ. 24.91. ಗೆರೆ ದಾಟಿಲ್ಲ, ಆದ್ರೆ ಗೆರೆಗೆ ಕಾಲು ತಾಗಿಸಿಯೇ ನಿಂತಿದ್ದೇವೆ.

6/6
ಹಾಗಾದ್ರೆ ಗ್ಯಾರಂಟಿ ನಿಲ್ಲಿಸ್ಬೇಕಾ? ನಾನು ಹೇಳುವುದು ಅದಲ್ಲ. ಕೊಡುವುದಾದರೆ ಆದಾಯದಿಂದ ಕೊಡಲಿ, ಸಾಲದಿಂದ ಬೇಡ. 2002ರ ಕಾಯ್ದೆಯ ಅರ್ಥ ಇಷ್ಟೇ. 2025ರ ಆ ಬಜೆಟ್ ಲೆಕ್ಕದಲ್ಲಿ ಒಟ್ಟು ಸಾಲ 7,64,655 ಕೋಟಿ. ಏಳು ಕೋಟಿ ಜನ ಅಂತ ಹಿಡಿದರೂ ತಲೆಗೆ ಲಕ್ಷ ದಾಟ್ತದೆ. ಇದನ್ನು ತೀರಿಸುವ ವರ್ಷಗಳಲ್ಲಿ ತೆರಿಗೆ ಕಟ್ಟುವವರು ಈಗ ಇದನ್ನು ಓದ್ತಾ ಇರುವ ನಾವೇ.
ಮುಂದಿನ ಬಜೆಟ್ ದಿನ ಯಾವುದು ಏರಿತು, ಯಾವುದು ಇಳಿಯಿತು ಅನ್ನುವ ಪಟ್ಟಿಯ ಜೊತೆ ಒಂದು ಸಂಖ್ಯೆ ಹುಡುಕಿ: ರಾಜಸ್ವ ಕೊರತೆ ಎಷ್ಟು?

ನಿಮ್ಮ ಮನೆಗೆ ಯಾವ ಯೋಜನೆ ನಿಜವಾಗಿ ಮುಟ್ಟಿದೆ? ಕಮೆಂಟಲ್ಲಿ ಹೇಳಿ. ಭಾಗ 5ರಲ್ಲಿ ಹಣಕಾಸು ಆಯೋಗದ ಕಥೆ.

#ಬಜೆಟ್‌ಕಥೆ #ಸಿದ್ಧಕಟ್ಟೆ #ಬಿಕಾಂ